ಆಪ್ಷನ್ ಪಾರ್ಸರ್ ಕ್ರ್ಯಾಶ್ ಆದಾಗ: ಬಗ್ ವರದಿಯಿಂದ ರಿವ್ಯೂ ಮುಗಿಯುವ ತನಕ

ಹಳೆಯ ನುಡಿ ಫೈಲುಗಳನ್ನು ಯೂನಿಕೋಡಿಗೆ ಬದಲಿಸುವ ಒಂದು ಚಿಕ್ಕ ಕಮಾಂಡ್ ಲೈನ್ ಪ್ರೋಗ್ರಾಂ ಬರೆದಿಟ್ಟುಕೊಂಡಿದ್ದೇನೆ. ಸಿ ಭಾಷೆಯದ್ದು. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೇ ಪಾಠದ ಟಿಪ್ಪಣಿಗಳನ್ನೆಲ್ಲ ಅದರಲ್ಲಿ ಹಾಕಿ ಬದಲಿಸಿಕೊಳ್ಳುತ್ತಿದ್ದರು. ಒಂದು ಸಂಜೆ ಅವರಿಂದ ಮೆಸೇಜ್ ಬಂತು: "ಏನಪ್ಪಾ, ನಿನ್ನೆ ತನಕ ಚೆನ್ನಾಗಿ ನಡೀತಿತ್ತು. ಇವತ್ತು ಸೆಗ್ಮೆಂಟೇಶನ್ ಫಾಲ್ಟ್ ಅಂತ ಒಂದು ಸಾಲು ಬರೆದು ಸುಮ್ಮನಾಗುತ್ತೆ. ನನ್ನ ಫೈಲಿಗೆ ಏನಾದ್ರೂ ಆಯ್ತಾ?"

ಫೈಲಿಗೆ ಏನೂ ಆಗಿರಲಿಲ್ಲ. ಮುಟ್ಟಬಾರದ ಮೆಮೊರಿಯನ್ನು ಪ್ರೋಗ್ರಾಂ ಮುಟ್ಟಲು ಹೋದಾಗ ಬರುವ ಸಾಲು ಅದು. ಫೈಲು ತೆರೆಯುವ ಮೊದಲೇ, ಕಮಾಂಡಿನ ಜೊತೆ ಕೊಡುವ ಆಪ್ಷನ್‌ಗಳನ್ನು ಓದುವ ಜಾಗದಲ್ಲೇ (ಇದಕ್ಕೆ ಪಾರ್ಸರ್ ಅನ್ನುತ್ತಾರೆ) ಪ್ರೋಗ್ರಾಂ ಬಿದ್ದುಹೋಗಿತ್ತು. ಅದನ್ನು ಸರಿಪಡಿಸಲು ನಾನು ಹಾಕಿದ ಮೊದಲ ಪ್ಯಾಚ್ (ಕೋಡಿನ ತಿದ್ದುಪಡಿ) ಕ್ರ್ಯಾಶನ್ನು ನಿಲ್ಲಿಸಿತು, ಆದರೆ ಬಗ್ ಹಾಗೇ ಉಳಿಯಿತು. ಉಳಿದದ್ದನ್ನು ಹಿಡಿದದ್ದು ರಿವ್ಯೂ, ಅಂದರೆ ಆ ತಿದ್ದುಪಡಿಯನ್ನು ಇನ್ನೊಬ್ಬರು ಪರಿಶೀಲಿಸಿದ್ದು. ಕ್ರ್ಯಾಶ್ ಆದ ಸಾಲು ಎಲ್ಲಿದೆ ಅಂತ ಡಿಬಗರ್ ತೋರಿಸುತ್ತದೆ. ಆ ಸಾಲು ಬರೆಯುವಾಗ ನಾವು ಏನನ್ನು ಸುಮ್ನೆ ನಂಬಿಕೊಂಡಿದ್ದೆವು ಅನ್ನೋದನ್ನು ತೋರಿಸಲು ಇನ್ನೊಬ್ಬರು ಬೇಕು. ಈ ಕೆಲಸವನ್ನು ಮೊದಲಿಂದ ಕೊನೆತನಕ ಹೇಗೆ ಮಾಡೋದು ಅಂತ, ಅದೇ ಬಗ್ಗನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

ಒಂದು ಮಾತು: ಕಮಾಂಡ್ ಮತ್ತು ಕೋಡನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನಿಮ್ಮ ಟರ್ಮಿನಲ್ಲಿನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ.

ಕಮಾಂಡನ್ನು ಅಕ್ಷರ ಬಿಡದೆ ಪಡೆಯಿರಿ

"ಫಾಂಟ್ ಆಪ್ಷನ್ ಕೊಟ್ಟರೆ ಬೀಳುತ್ತೆ" ಅನ್ನೋದು ವರದಿ ಅಲ್ಲ. ಏನು ಟೈಪ್ ಮಾಡಿದರೋ ಅದೇ ಸಾಲು ಬೇಕು, ಕಾಪಿ ಮಾಡಿದ ಪಠ್ಯವಾಗಿ ಬೇಕು. ಫೋಟೋ ಸಾಲದು, ಯಾಕಂದರೆ ಫೋಟೋದಲ್ಲಿ ಎರಡು ಹೈಫನ್ ಯಾವುದು, ವರ್ಡ್ ಪ್ರೊಸೆಸರ್ ತಾನಾಗೇ ಬದಲಿಸಿದ ಉದ್ದ ಗೆರೆ ಯಾವುದು ಅಂತ ಗೊತ್ತಾಗೋದಿಲ್ಲ. ಆ ಉದ್ದ ಗೆರೆ ಯೂನಿಕೋಡಿನ ಬೇರೆಯೇ ಅಕ್ಷರ. ಪಾರ್ಸರ್ ಅದನ್ನು ಆಪ್ಷನ್ ಅಂತ ಗುರುತಿಸದೆ ಫೈಲಿನ ಹೆಸರು ಅಂದುಕೊಳ್ಳುತ್ತದೆ.

ಮೇಷ್ಟ್ರು ಕಳಿಸಿದ್ದು ಒಂದು ಶೆಲ್ ಸ್ಕ್ರಿಪ್ಟ್. ಅದರ ಮುಖ್ಯ ಸಾಲು ಹೀಗಿತ್ತು:

ಬದಲಿಸು ಟಿಪ್ಪಣಿ೧ --ಫಾಂಟ್ $ಫಾಂಟ್

ಇದನ್ನು ನೋಡಿದ ಕೂಡಲೇ ಅರ್ಧ ಉತ್ತರ ಸಿಕ್ಕಿತು. ಶೆಲ್ಲಿನಲ್ಲಿ ಉದ್ಧರಣ ಚಿಹ್ನೆ ಇಲ್ಲದ ವೇರಿಯಬಲ್ ಖಾಲಿ ಇದ್ದರೆ, ಅದು ಖಾಲಿ ಪದವಾಗಿ ಕೂಡ ಪ್ರೋಗ್ರಾಮಿಗೆ ತಲುಪೋದಿಲ್ಲ. ಪೂರ್ತಿ ಮಾಯ. ಅಂದರೆ ನನ್ನ ಪ್ರೋಗ್ರಾಮಿಗೆ ಕೊನೆಯದಾಗಿ ಬಂದದ್ದು ಬರೀ --ಫಾಂಟ್, ಅದರ ಮುಂದೆ ಏನೂ ಇಲ್ಲ. ಉದ್ಧರಣ ಚಿಹ್ನೆಯೊಳಗೆ ಬರೆದಿದ್ದರೆ ಖಾಲಿ ಸ್ಟ್ರಿಂಗ್ ಒಂದು ಬರುತ್ತಿತ್ತು. ಇವೆರಡೂ ಬೇರೆ ಬೇರೆ ಪರಿಸ್ಥಿತಿ. ಆಮೇಲೆ ಇದೇ ವ್ಯತ್ಯಾಸ ನಮಗೆ ಬೇಕಾಗುತ್ತದೆ.

ಈಗ ಅದೇ ಕಮಾಂಡನ್ನು ನಿಮ್ಮ ಯಂತ್ರದಲ್ಲಿ ಓಡಿಸಿ, ಕೂಡಲೇ ಡಾಲರ್ ಪ್ರಶ್ನಾರ್ಥಕ ಚಿಹ್ನೆಯನ್ನು ಎಕೋ ಮಾಡಿ ಎಕ್ಸಿಟ್ ಸಂಖ್ಯೆ (ಪ್ರೋಗ್ರಾಂ ಮುಗಿಯುವಾಗ ಬಿಟ್ಟುಹೋಗುವ ಸಂಖ್ಯೆ) ನೋಡಿ. ಬ್ಯಾಶಿನಲ್ಲಿ 139 ಬಂದರೆ ಅದು 128 ಮತ್ತು 11ರ ಮೊತ್ತ. 11 ಅಂದರೆ ಲಿನಕ್ಸಿನಲ್ಲಿ ಸೆಗ್ಮೆಂಟೇಶನ್ ಫಾಲ್ಟ್ ಸಿಗ್ನಲ್. 134 ಬಂದರೆ ಸಿಗ್ನಲ್ 6, ಅಂದರೆ ಪ್ರೋಗ್ರಾಂ ತಾನೇ ಅಬಾರ್ಟ್ ಆಗಿದೆ. ಆಗ ಹುಡುಕುವ ದಾರಿಯೇ ಬೇರೆ. ಆಮೇಲೆ ಒಂದೊಂದೇ ಆರ್ಗ್ಯುಮೆಂಟ್ ತೆಗೆಯುತ್ತಾ ಹೋಗಿ. ನನ್ನದು ಕೊನೆಗೆ ಇಷ್ಟಕ್ಕೆ ಬಂದು ನಿಂತಿತು: ಬದಲಿಸು --ಫಾಂಟ್. ಫೈಲೂ ಬೇಡ, ಏನೂ ಬೇಡ.

ಬಿದ್ದ ಜಾಗ ನೋಡಿ, ಆದರೆ ಅಲ್ಲೇ ನಿಲ್ಲಬೇಡಿ

ಡಿಬಗ್ ಮಾಹಿತಿ ಸೇರಿಸಿ, ಆಪ್ಟಿಮೈಸೇಶನ್ ತೆಗೆದು, ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪುಗಳನ್ನು ಹಿಡಿಯುವ ಕಾವಲು) ಹಾಕಿ ಮತ್ತೆ ಕಂಪೈಲ್ ಮಾಡಿ. ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರುಗಳಲ್ಲಿ ಸ್ಯಾನಿಟೈಸರಿಗೆ ಒಂದು ಫ್ಲ್ಯಾಗ್ ಸಾಕು. ಜಿಡಿಬಿ ಡಿಬಗರ್ ಬಳಸುವವರು --ಆರ್ಗ್ಸ್ ಜೊತೆ ಇಡೀ ಕಮಾಂಡನ್ನು ಕೊಟ್ಟು ಓಡಿಸಿ, ಬಿದ್ದ ಮೇಲೆ, ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಅಂತ ತೋರಿಸುವ ಬ್ಯಾಕ್‌ಟ್ರೇಸ್ ಕೇಳಿ.

ನನಗೆ ಕಂಡದ್ದು ಮೂರು ಮೆಟ್ಟಿಲು. ಮೇಲಿನದು ಸಿ ಲೈಬ್ರರಿಯ ಒಳಗೆ, ಎರಡು ಸ್ಟ್ರಿಂಗ್ ಹೋಲಿಸುವ ಫಂಕ್ಷನ್. ಅದನ್ನು ಕರೆದದ್ದು ಫಾಂಟ್ ಹುಡುಕುವ ನನ್ನ ಫಂಕ್ಷನ್, ಅದಕ್ಕೆ ಬಂದ ಹೆಸರು ನಲ್ ಪಾಯಿಂಟರ್, ಅಂದರೆ ಯಾವ ಜಾಗವನ್ನೂ ತೋರಿಸದ ಖಾಲಿ ವಿಳಾಸ. ಅದನ್ನು ಕರೆದದ್ದು ಪಾರ್ಸರ್. ಪಾರ್ಸರಿನ ಲೂಪ್ ಹೀಗಿತ್ತು (ಆರ್ಗ್‌ವಿ ಅಂದರೆ ಕಮಾಂಡಿನ ಪದಗಳ ಪಟ್ಟಿ, ಐ ಅಂದರೆ ಆ ಪಟ್ಟಿಯಲ್ಲಿ ನಾವಿರುವ ಜಾಗ):

ಐ = 1;
ವೈಲ್ (ಆರ್ಗ್‌ವಿ[ಐ] != ನಲ್) {
  ಇಫ್ (ಸಮ(ಆರ್ಗ್‌ವಿ[ಐ], "--ಫಾಂಟ್"))
    ಫಾಂಟ್ = ಫಾಂಟ್_ಹುಡುಕು(ಆರ್ಗ್‌ವಿ[++ಐ]);
  ...
  ಐ++;
}

ಸಿ ಸ್ಟ್ಯಾಂಡರ್ಡ್ ಒಂದು ಭರವಸೆ ಕೊಡುತ್ತದೆ: ಆರ್ಗ್‌ವಿ ಪಟ್ಟಿಯ ಕೊನೆಯ ಆರ್ಗ್ಯುಮೆಂಟಿನ ನಂತರದ ಜಾಗದಲ್ಲಿ ನಲ್ ಇದ್ದೇ ಇರುತ್ತದೆ. ಹಾಗಾಗಿ --ಫಾಂಟ್ ಕೊನೆಯಲ್ಲಿ ಬಂದಾಗ ಒಂದು ಹೆಜ್ಜೆ ಮುಂದಿಟ್ಟರೆ ಸಿಗೋದು ಆ ನಲ್. ಅದನ್ನು ಫಾಂಟ್ ಹೆಸರು ಅಂತ ಹೋಲಿಸಲು ಹೋದರೆ ಬೀಳದೆ ಇನ್ನೇನಾಗುತ್ತದೆ?

ನನಗೆ ಆ ಹೊತ್ತಿಗೆ ಹೊಳೆದದ್ದು ಎಲ್ಲರಿಗೂ ಹೊಳೆಯುವ ಪರಿಹಾರವೇ. ಫಾಂಟ್ ಹುಡುಕುವ ಫಂಕ್ಷನ್ನಿನ ಮೊದಲಲ್ಲಿ, ಹೆಸರು ನಲ್ ಇದ್ದರೆ ಮಾಮೂಲಿ ಫಾಂಟನ್ನೇ ವಾಪಸ್ ಕೊಡು ಅಂತ ಎರಡು ಸಾಲು ಸೇರಿಸಿದೆ. ಓಡಿಸಿದೆ. ಬೀಳಲಿಲ್ಲ. ಸ್ಯಾನಿಟೈಸರ್ ಕೂಡ ಏನೂ ಹೇಳಲಿಲ್ಲ. ಪ್ಯಾಚನ್ನು ರಿವ್ಯೂಗೆ ಕಳಿಸಿದೆ.

ಮೊದಲ ಪ್ಯಾಚಿಗೆ ಬಂದ ಉತ್ತರ

ರಿವ್ಯೂ ಮಾಡಿದವರು ನನ್ನ ಹಿರಿಯ ಸಹೋದ್ಯೋಗಿ, ನಾನು ಮೇಡಂ ಅಂತಲೇ ಕರೆಯೋದು. ಅವರು ಪ್ಯಾಚಿನ ಸಾಲುಗಳ ಬಗ್ಗೆ ಒಂದು ಮಾತೂ ಬರೆದಿರಲಿಲ್ಲ. ಬರೆದದ್ದು ಇಷ್ಟು: "ನಿಮ್ಮ ಪ್ಯಾಚ್ ಹಾಕಿ ಓಡಿಸಿದೆ. ಬರೀ --ಫಾಂಟ್ ಕೊಟ್ಟರೆ ಬೀಳೋದಿಲ್ಲ, ಸರಿ. ಆದರೆ ಈ ಸಂದೇಶ ನೋಡಿ, ಇದು ಎಲ್ಲಿಂದ ಬಂತು?" ಕೆಳಗೆ ಅವರ ಟರ್ಮಿನಲ್ಲಿನ ಒಂದು ಸಾಲು:

ಫೈಲ್ ಸಿಗಲಿಲ್ಲ: ಶೆಲ್=/ಬಿನ್/ಬ್ಯಾಶ್

ಅದು ಅವರು ಟೈಪ್ ಮಾಡಿದ್ದಲ್ಲ. ಅದು ಅವರ ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಶೆಲ್ ಪ್ರತಿ ಪ್ರೋಗ್ರಾಮಿಗೂ ತಾನಾಗೇ ಕೊಡುವ ಹೆಸರು-ಮೌಲ್ಯದ ಜೋಡಿ! ನಾನು ಅದೇ ಕಮಾಂಡ್ ಓಡಿಸಿದಾಗ ನನ್ನ ಪರದೆಯ ಮೇಲೂ ಅದು ಬಂದಿರಬೇಕು, ಆದರೆ ನಾನು ನೋಡಿದ್ದು ಕ್ರ್ಯಾಶ್ ಹೋಯಿತಾ ಇಲ್ಲವಾ ಅಂತ ಮಾತ್ರ.

ನಡೆದದ್ದು ಏನು ನೋಡಿ. ಮೌಲ್ಯ ತೆಗೆದುಕೊಳ್ಳಲು ಐ ಒಂದು ಮುಂದೆ ಹೋಗಿ ನಲ್ ಮೇಲೆ ನಿಂತಿತು. ಮೊದಲಾದರೆ ಅಲ್ಲೇ ಬೀಳುತ್ತಿತ್ತು. ನನ್ನ ಪ್ಯಾಚ್ ಬೀಳದ ಹಾಗೆ ಮಾಡಿತು, ಲೂಪಿನ ಕೊನೆಯಲ್ಲಿ ಐ ಮತ್ತೆ ಒಂದು ಮುಂದೆ ಹೋಯಿತು, ಅಂದರೆ ನಲ್ ಅನ್ನು ದಾಟಿತು. ಲೂಪು ನಿಲ್ಲಬೇಕಾಗಿದ್ದದ್ದೇ ಆ ನಲ್ ಕಂಡಾಗ. ಲಿನಕ್ಸಿನಲ್ಲಿ ಪ್ರೋಗ್ರಾಂ ಶುರುವಾಗುವಾಗ ಕರ್ನಲ್ ಮೆಮೊರಿಯಲ್ಲಿ ಆರ್ಗ್ಯುಮೆಂಟ್ ಪಾಯಿಂಟರ್‌ಗಳನ್ನು ಸಾಲಾಗಿ ಇಡುತ್ತದೆ, ಆಮೇಲೆ ಒಂದು ನಲ್, ಅದರ ಬೆನ್ನಿಗೇ ಎನ್ವಿರಾನ್‌ಮೆಂಟ್ ಪಾಯಿಂಟರ್‌ಗಳು. ನಲ್ ದಾಟಿದ ಲೂಪು ನೇರ ಅಲ್ಲಿಗೆ ಕಾಲಿಟ್ಟಿತು, ಒಂದೊಂದು ವೇರಿಯಬಲ್ಲನ್ನೂ ಫೈಲಿನ ಹೆಸರು ಅಂತ ತೆರೆಯಲು ಹೋಯಿತು. ಆ ಮೆಮೊರಿ ಪ್ರೋಗ್ರಾಮಿನದ್ದೇ, ಓದಿದರೆ ತಪ್ಪಲ್ಲ. ಅದಕ್ಕೇ ಸ್ಯಾನಿಟೈಸರ್ ಬಾಯಿ ಬಿಡಲಿಲ್ಲ.

ಇದು ಬರೀ ವಿಚಿತ್ರ ಸಂದೇಶದ ವಿಷಯ ಅಂತ ಅಂದುಕೊಳ್ಳಬೇಡಿ. ಪೋಲ್‌ಕಿಟ್ಟಿನ, ಬೇರೆ ಬಳಕೆದಾರರ ಅಧಿಕಾರದಲ್ಲಿ ಕಮಾಂಡ್ ಓಡಿಸುವ, ಪಿಕೆಎಕ್ಸೆಕ್ ಅನ್ನೋ ಪ್ರೋಗ್ರಾಮಿನಲ್ಲಿ ಇದೇ ಗಡಿ ದಾಟುವ ತಪ್ಪಿತ್ತು. ಅದರ ಲೂಪ್ 1ರಿಂದ ಎಣಿಸಲು ಶುರುಮಾಡುತ್ತಿತ್ತು, ಯಾಕಂದರೆ 0ನೇ ಜಾಗದಲ್ಲಿ ಪ್ರೋಗ್ರಾಮಿನ ಹೆಸರು ಇದ್ದೇ ಇರುತ್ತದೆ ಅನ್ನೋ ನಂಬಿಕೆ. ಆದರೆ ಒಂದೂ ಆರ್ಗ್ಯುಮೆಂಟ್ ಇಲ್ಲದೆ, ಹೆಸರೂ ಇಲ್ಲದೆ, ಒಂದು ಪ್ರೋಗ್ರಾಮನ್ನು ಓಡಿಸಬಹುದಿತ್ತು. ಆಗ 1ನೇ ಜಾಗ ಅಂದರೆ ಮೊದಲ ಎನ್ವಿರಾನ್‌ಮೆಂಟ್ ವೇರಿಯಬಲ್. ಪಿಕೆಎಕ್ಸೆಕ್ ಅದನ್ನು ಓದೋದಷ್ಟೇ ಅಲ್ಲ, ಆ ಜಾಗಕ್ಕೆ ಬರೆಯುತ್ತಲೂ ಇತ್ತು. ಸಾಮಾನ್ಯ ಬಳಕೆದಾರ ಇದರಿಂದ ರೂಟ್, ಅಂದರೆ ಪೂರ್ಣ ಅಧಿಕಾರದ ಬಳಕೆದಾರ, ಆಗಬಹುದಿತ್ತು. 2009ರ ಮೇ ತಿಂಗಳಿಂದ ಇದ್ದ ತಪ್ಪನ್ನು ಕ್ವಾಲಿಸ್ ಸಂಸ್ಥೆಯ ತಂಡ 2022ರ ಜನವರಿಯಲ್ಲಿ ಹೊರಗೆ ಹೇಳಿತು, ಪ್ವನ್‌ಕಿಟ್ ಅಂತ ಹೆಸರಾಯಿತು. ಹನ್ನೆರಡು ವರ್ಷಕ್ಕೂ ಜಾಸ್ತಿ ಎಷ್ಟೋ ಜನ ಓದಿದ ಕೋಡು ಅದು. ಆಮೇಲೆ ಲಿನಕ್ಸ್ ಕರ್ನಲ್ಲಿನಲ್ಲೇ, ಆರ್ಗ್ಯುಮೆಂಟ್ ಪಟ್ಟಿ ಖಾಲಿ ಇದ್ದರೆ ಒಂದು ಖಾಲಿ ಸ್ಟ್ರಿಂಗ್ ಸೇರಿಸುವ ಹಾಗೆ ಬದಲಾವಣೆ ಬಂತು.

ಹಾಗಾಗಿ ರಿವ್ಯೂ ಮಾಡುವವರಿಗೆ ನನ್ನ ಮೊದಲ ಸಲಹೆ: ಪ್ಯಾಚನ್ನು ಓದುವ ಮೊದಲು ಓಡಿಸಿ, ಕ್ರ್ಯಾಶ್ ಹೋಯಿತು ಅಂತ ಅಲ್ಲಿಗೇ ಬಿಡದೆ, ಬಂದ ಪ್ರತಿ ಸಾಲನ್ನೂ ಓದಿ.

ಸರಿಯಾದ ಜಾಗಕ್ಕೆ ಪರಿಹಾರವನ್ನು ತನ್ನಿ

ಈಗ ಎರಡನೇ ಪ್ಯಾಚ್. "ಆಪ್ಷನ್ನಿನ ಮುಂದೆ ಮೌಲ್ಯ ಇದ್ದೇ ಇರುತ್ತದೆ" ಅನ್ನೋ ನಂಬಿಕೆ ಇದ್ದದ್ದು ಪಾರ್ಸರಿನಲ್ಲಿ. ಫಾಂಟ್ ಹುಡುಕುವ ಫಂಕ್ಷನ್ನಿಗೆ ಅದರ ಸುದ್ದಿಯೇ ಬೇಡ. ಅಲ್ಲಿಂದ ಆ ಎರಡು ಸಾಲು ತೆಗೆದೆ. ಪಾರ್ಸರಿನಲ್ಲಿ ಮೌಲ್ಯ_ತೆಗೆದುಕೊ ಅಂತ ಒಂದು ಪುಟ್ಟ ಫಂಕ್ಷನ್ ಬರೆದೆ. ಅದು ಮುಂದಿನ ಜಾಗವನ್ನು ಇಣುಕಿ ನೋಡುತ್ತದೆ. ಅಲ್ಲಿ ನಲ್ ಇದ್ದರೆ ಐ ಅನ್ನು ಮುಟ್ಟದೆ ತಪ್ಪು ಅಂತ ವಾಪಸ್ ಬರುತ್ತದೆ, ಇಲ್ಲದಿದ್ದರೆ ಮಾತ್ರ ಐ ಮುಂದೆ ಹೋಗುತ್ತದೆ. ಲೂಪಿನ ಷರತ್ತನ್ನೂ ಐ < ಆರ್ಗ್‌ಸಿ (ಪಟ್ಟಿಯಲ್ಲಿರುವ ಆರ್ಗ್ಯುಮೆಂಟುಗಳ ಸಂಖ್ಯೆ) ಅಂತ ಬದಲಿಸಿದೆ. ಹೀಗಿದ್ದರೆ ಯಾರಾದರೂ ಮುಂದೆ ಇಂಥದ್ದೇ ತಪ್ಪು ಮಾಡಿದರೂ ಲೂಪು ಗಡಿ ದಾಟೋದಿಲ್ಲ.

ಮಾಮೂಲಿ ಫಾಂಟ್ ಹಾಕಿ ಮುಂದುವರಿಯೋದು ಒಳ್ಳೆಯದಲ್ವಾ ಅಂತ ನೀವು ಕೇಳಬಹುದು. ಅಲ್ಲ. ನುಡಿ, ಬರಹದಂಥ ಹಳೆಯ ಫಾಂಟುಗಳಲ್ಲಿ ಫೈಲಿನೊಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಸಂಕೇತ, ಅದನ್ನು ಕನ್ನಡವಾಗಿ ತೋರಿಸೋದು ಫಾಂಟ್. ತಪ್ಪು ಫಾಂಟಿನ ಕೋಷ್ಟಕ ಹಿಡಿದು ಬದಲಿಸಿದರೆ ಪ್ರೋಗ್ರಾಂ ಗಲಾಟೆ ಮಾಡದೆ ಮುಗಿಯುತ್ತದೆ, ಆದರೆ ಫೈಲಿನ ತುಂಬ ಅಲ್ಲಲ್ಲಿ ತಪ್ಪು ಅಕ್ಷರ. ಮೇಷ್ಟ್ರಿಗೆ ಅದು ಗೊತ್ತಾಗೋದು ಮೂಲ ಫೈಲ್ ಅಳಿಸಿದ ಮೇಲೆ. ಅದಕ್ಕಿಂತ ಕ್ರ್ಯಾಶೇ ವಾಸಿ. ಬಳಕೆದಾರ ಏನೋ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದ್ದಾರೆ ಅಂದರೆ ಊಹೆ ಮಾಡಬೇಡಿ, ಕೇಳಿ.

ಕೇಳೋದು ಅಂದರೆ ಸಂದೇಶ. "ತಪ್ಪು ಆರ್ಗ್ಯುಮೆಂಟ್" ಅಂತ ಬರೆದರೆ ಉಪಯೋಗ ಇಲ್ಲ. ಯಾವ ಆಪ್ಷನ್, ಏನು ಬೇಕಿತ್ತು, ಎರಡೂ ಇರಲಿ:

ಬದಲಿಸು: --ಫಾಂಟ್ ಆಪ್ಷನ್ನಿಗೆ ಫಾಂಟಿನ ಹೆಸರು ಬೇಕು, ಕೊಟ್ಟಿಲ್ಲ

ಇದು ಸ್ಟ್ಯಾಂಡರ್ಡ್ ಎರರ್‌ಗೆ ಹೋಗಬೇಕು. ಔಟ್‌ಪುಟ್ಟಿಗೆ ಹೋದರೆ ಬದಲಾದ ಪಠ್ಯದ ಜೊತೆ ಸೇರಿಕೊಂಡು ಫೈಲಿನೊಳಗೆ ಕೂರುತ್ತದೆ. ಎಕ್ಸಿಟ್ ಸಂಖ್ಯೆ 2 ಇಟ್ಟೆ. ಕಮಾಂಡ್ ಬಳಸಿದ ರೀತಿಯೇ ತಪ್ಪು ಅಂತ ಹೇಳಲು ಹಲವು ಯುನಿಕ್ಸ್ ಪ್ರೋಗ್ರಾಂಗಳು ಇದನ್ನೇ ಬಳಸುತ್ತವೆ.

ಆಮೇಲೆ ಇಡೀ ಕೋಡಿನಲ್ಲಿ ++ಐ ಅಂತ ಹುಡುಕಿದೆ. ಇನ್ನೂ ಮೂರು ಕಡೆ ಸಿಕ್ಕಿತು. ಔಟ್‌ಪುಟ್ ಫೈಲಿನ ಆಪ್ಷನ್, ಸಾಲಿನ ಅಗಲದ ಆಪ್ಷನ್, ಪದಕೋಶದ ಆಪ್ಷನ್, ಮೂರೂ ಇದೇ ರೀತಿ ಬೀಳುತ್ತಿದ್ದವು, ಯಾರೂ ಇನ್ನೂ ತುಳಿದಿರಲಿಲ್ಲ ಅಷ್ಟೇ. ಒಂದು ಕಡೆ ಸಿಕ್ಕ ಬಗ್ಗಿಗೆ ಅಣ್ಣತಮ್ಮಂದಿರು ಇದ್ದೇ ಇರುತ್ತಾರೆ, ಯಾಕಂದರೆ ಆ ಸಾಲನ್ನು ನಾವೇ ಕಾಪಿ ಮಾಡಿ ಹಾಕಿರುತ್ತೇವೆ.

ಟೆಸ್ಟ್ ಬರೆಯುವಾಗ ಒಂದು ಎಚ್ಚರ

ಕ್ರ್ಯಾಶಿಗೆ ಟೆಸ್ಟ್ ಬರೆಯುವಾಗ ತುಂಬಾ ಜನ ಹೀಗೆ ಬರೆಯುತ್ತಾರೆ: ತಪ್ಪು ಕಮಾಂಡ್ ಕೊಡು, ಎಕ್ಸಿಟ್ ಸಂಖ್ಯೆ ಸೊನ್ನೆ ಅಲ್ಲದಿದ್ದರೆ ಪಾಸ್. ಆದರೆ 139 ಕೂಡ ಸೊನ್ನೆ ಅಲ್ಲ! ಪ್ರೋಗ್ರಾಂ ಬಿದ್ದರೂ ಆ ಟೆಸ್ಟ್ ಪಾಸ್. 128ಕ್ಕಿಂತ ಕಡಿಮೆ ಇರಬೇಕು ಅಂತ ಬರೆದರೂ ಸಾಲದು. ಅಡ್ರೆಸ್ ಸ್ಯಾನಿಟೈಸರ್ ಹಾಕಿದ ಪ್ರೋಗ್ರಾಂ ಬಿದ್ದಾಗ ಅದೇ ಸಿಗ್ನಲ್ ಹಿಡಿದು, ವರದಿ ಬರೆದು, ಮಾಮೂಲಾಗಿ 1 ಅಂತ ಹೊರಬರುತ್ತದೆ. ಹಾಗಾಗಿ ಸರಿಯಾಗಿ 2 ಬಂದಿದೆಯಾ ಅಂತ ನೋಡಿ, ಸಂದೇಶದಲ್ಲಿ ಆ ಆಪ್ಷನ್ನಿನ ಹೆಸರು ಇದೆಯಾ ಅಂತಲೂ ನೋಡಿ.

ಇನ್ನೊಂದು, ಇದು ರಿವ್ಯೂ ಮಾಡುವವರ ಕೆಲಸ: ಪ್ಯಾಚಿನಿಂದ ಟೆಸ್ಟ್ ಫೈಲ್ ಮಾತ್ರ ತೆಗೆದುಕೊಂಡು ಹಳೆಯ ಕೋಡಿನ ಮೇಲೆ ಓಡಿಸಿ. ಅದು ಫೇಲ್ ಆಗಲೇಬೇಕು. ಹಳೆಯ ಕೋಡಿನ ಮೇಲೂ ಪಾಸ್ ಆಗುವ ಟೆಸ್ಟ್ ಏನನ್ನೂ ಕಾಯುತ್ತಿಲ್ಲ. ಮೇಡಂ ಇದನ್ನು ಪ್ರತಿ ಸಲ ಮಾಡುತ್ತಾರೆ. ಎರಡು ನಿಮಿಷದ ಕೆಲಸ.

ಪ್ಯಾಚಿನ ಜೊತೆ ಬರೆಯುವ ಕಮಿಟ್ ಸಂದೇಶದಲ್ಲಿ ಬಳಕೆದಾರ ಏನು ಟೈಪ್ ಮಾಡಿದರು, ಏನಾಯಿತು, ಯಾಕಾಯಿತು, ಈಗ ಏನಾಗುತ್ತದೆ ಅನ್ನೋದು ಇರಲಿ. ಖಾಲಿ ಜಾಗ ಸರಿಮಾಡಿದ್ದು, ಹೆಸರು ಬದಲಿಸಿದ್ದು ಇವನ್ನೆಲ್ಲ ಇದರೊಳಗೆ ತುರುಕಬೇಡಿ, ಬೇರೆ ಪ್ಯಾಚ್ ಮಾಡಿ. ಹತ್ತು ಸಾಲಿನ ಪರಿಹಾರ ನೂರು ಸಾಲಿನ ಚೆಂದಗಾಣಿಕೆಯಲ್ಲಿ ಮುಚ್ಚಿಹೋದರೆ ಯಾರೂ ಸರಿಯಾಗಿ ಓದೋದಿಲ್ಲ.

ಎರಡನೇ ಸುತ್ತು: ಬೇರೆ ಏನೇನು ಕೊಡಬಹುದು?

ಎರಡನೇ ಸಲ ಮೇಡಂ ಸಾಲುಗಳನ್ನು ಓದಿದರು, ಮತ್ತು ಪ್ರಶ್ನೆಗಳನ್ನು ಎರಡು ಗುಂಪು ಮಾಡಿ ಕಳಿಸಿದರು. ಇವು ಸರಿಯಾಗದೆ ಒಪ್ಪೋದಿಲ್ಲ ಅನ್ನೋದು ಒಂದು, ಬೇಕಾದರೆ ಆಮೇಲೆ ಮಾಡಿ ಅನ್ನೋದು ಇನ್ನೊಂದು. ಹೀಗೆ ಬೇರೆ ಮಾಡಿ ಬರೆದರೆ ಪ್ಯಾಚ್ ಬರೆದವರಿಗೆ ಎಷ್ಟು ಅನುಕೂಲ ಅಂದರೆ, ನಾನು ಈಗ ಯಾರದ್ದೇ ಪ್ಯಾಚ್ ನೋಡಿದರೂ ಹಾಗೇ ಬರೆಯುತ್ತೇನೆ.

ಮೊದಲ ಪ್ರಶ್ನೆ ಖಾಲಿ ಸ್ಟ್ರಿಂಗಿನದ್ದು. ಮೇಷ್ಟ್ರು ವೇರಿಯಬಲ್ ಸುತ್ತ ಉದ್ಧರಣ ಚಿಹ್ನೆ ಹಾಕಿದ್ದರೆ ಅಥವಾ --ಫಾಂಟ್= ಅಂತ ಬರೆದು ಮುಂದೆ ಏನೂ ಬರೆಯದಿದ್ದರೆ? ಆಗ ನಲ್ ಬರೋದಿಲ್ಲ, ಉದ್ದ ಸೊನ್ನೆ ಇರುವ ಸ್ಟ್ರಿಂಗ್ ಬರುತ್ತದೆ. ಓಡಿಸಿ ನೋಡಿದರೆ ಅಲ್ಲೂ ಬಿತ್ತು. ಆ ಹೆಸರಿನ ಫಾಂಟ್ ಇಲ್ಲದ್ದರಿಂದ ಹುಡುಕುವ ಫಂಕ್ಷನ್ ನಲ್ ವಾಪಸ್ ಕೊಟ್ಟಿತು, ಅದನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. ಅಂದರೆ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಬೀಳುತ್ತಿತ್ತು.

ಎರಡನೆಯದು ವಾದಕ್ಕೆ ಬಂದ ವಿಷಯ. ಫಾಂಟಿನ ಹೆಸರು ಬಿಟ್ಟು, --ಫಾಂಟ್ --ವಿವರ ಅಂತ ಇನ್ನೊಂದು ಆಪ್ಷನ್ ಕೊಟ್ಟರೆ? --ವಿವರ ಅನ್ನೋದೇ ಫಾಂಟಿನ ಹೆಸರು ಅಂತ ಪಾರ್ಸರ್ ನುಂಗಿಬಿಡುತ್ತದೆ. ಹೈಫನ್ನಿನಿಂದ ಶುರುವಾಗುವ ಮೌಲ್ಯವನ್ನು ಒಪ್ಪಬಾರದು ಅಂತ ಮೇಡಂ ಹೇಳಿದರು. ನಾನು ಒಪ್ಪಲಿಲ್ಲ. ಔಟ್‌ಪುಟ್ ಆಪ್ಷನ್ನಿಗೆ ಒಂಟಿ ಹೈಫನ್ ಕೊಟ್ಟರೆ ಸ್ಟ್ಯಾಂಡರ್ಡ್ ಔಟ್‌ಪುಟ್ಟಿಗೇ ಬರೆ ಅಂತ ಅರ್ಥ, ಅದು ಹಳೆಯ ರೂಢಿ. ಋಣ ಸಂಖ್ಯೆಗಳೂ ಹೈಫನ್ನಿನಿಂದಲೇ ಶುರುವಾಗುತ್ತವೆ. ಆಪ್ಷನ್ ಓದಲೆಂದೇ ಸಿ ಲೈಬ್ರರಿಯಲ್ಲಿರುವ ಗೆಟ್‌ಆಪ್ಟ್ ಕೂಡ ಮೌಲ್ಯ ಕಡ್ಡಾಯ ಅಂತ ಹೇಳಿದ ಆಪ್ಷನ್ನಿನ ಮುಂದೆ ಏನಿದ್ದರೂ ಮೌಲ್ಯ ಅಂತಲೇ ತೆಗೆದುಕೊಳ್ಳುತ್ತದೆ. ಕೊನೆಗೆ ಗೆಟ್‌ಆಪ್ಟ್ ಮಾಡುವ ಹಾಗೇ ಇರಲಿ, ಆದರೆ ಸಿಗದ ಫಾಂಟಿನ ಹೆಸರು ಸಂದೇಶದಲ್ಲಿ ಕಾಣಲಿ ಅಂತ ತೀರ್ಮಾನ ಆಯಿತು. "--ವಿವರ ಅನ್ನೋ ಫಾಂಟ್ ಇಲ್ಲ" ಅಂತ ಓದಿದವರಿಗೆ ತಮ್ಮ ತಪ್ಪು ಗೊತ್ತಾಗುತ್ತದೆ ಅಲ್ವಾ? ರಿವ್ಯೂನಲ್ಲಿ ಹೇಳಿದ್ದನ್ನೆಲ್ಲ ಮಾಡಬೇಕಾಗಿಲ್ಲ. ಆದರೆ ಮಾಡದಿದ್ದರೆ ಯಾಕೆ ಅಂತ ಬರೆಯಬೇಕು, ಆ ಉತ್ತರ ಮುಂದೆ ಓದುವವರಿಗೂ ಬೇಕು.

ಮೂರನೆಯದು ನಾನು ಕನಸಿನಲ್ಲೂ ಯೋಚಿಸದ ವಿಷಯ. ಕೀಬೋರ್ಡ್ ಕನ್ನಡಕ್ಕೆ ಬದಲಾಗಿರುವಾಗಲೇ ಯಾರಾದರೂ ಆಪ್ಷನ್ ಟೈಪ್ ಮಾಡಿದರೆ? ಕನ್ನಡದ ಪ್ರೋಗ್ರಾಂ, ಕನ್ನಡ ಟೈಪ್ ಮಾಡುವವರು, ಆಗದೆ ಇರುತ್ತದಾ? ಹೈಫನ್ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದ ಬದಲು ಕನ್ನಡದ 'ಕ' ಕೊಟ್ಟು ಓಡಿಸಿದರು. ಬಿತ್ತು.

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದಕ್ಷರದ ಆಪ್ಷನ್‌ಗಳಿಗೆ ನಾನು 256 ಮನೆಗಳ ಒಂದು ಪಟ್ಟಿ ಇಟ್ಟಿದ್ದೆ. ಬಂದ ಅಕ್ಷರವನ್ನೇ ಮನೆ ಸಂಖ್ಯೆಯಾಗಿ ಬಳಸಿ ಆಪ್ಷನ್ ಹುಡುಕೋದು. ಯುಟಿಎಫ್-8ರಲ್ಲಿ ಕನ್ನಡದ 'ಕ' ಮೂರು ಬೈಟು: 224, 178, 149. ಕನ್ನಡದ ಯಾವ ಅಕ್ಷರ ತೆಗೆದುಕೊಂಡರೂ ಮೊದಲ ಬೈಟು 224 ಆಗಿರುತ್ತದೆ. 256 ಮನೆ ಇರುವಾಗ 224 ಒಳಗೇ ಇದೆ, ತೊಂದರೆ ಏನು? ತೊಂದರೆ ಏನಂದರೆ ನಮ್ಮ ಸಾಮಾನ್ಯ ಲ್ಯಾಪ್‌ಟಾಪುಗಳ ಲಿನಕ್ಸಿನಲ್ಲಿ ಸಿ ಭಾಷೆಯ ಕ್ಯಾರ್ (ಒಂದು ಬೈಟು ಹಿಡಿಯುವ ವಿಧ) ಅನ್ನೋದು ಋಣ ಸಂಖ್ಯೆಯನ್ನೂ ಹಿಡಿಯುತ್ತದೆ, ಅದರ ವ್ಯಾಪ್ತಿ -128ರಿಂದ 127. ಅಲ್ಲಿ 224 ಅಂದರೆ -32. ಪಟ್ಟಿಗೂ ಮೂವತ್ತೆರಡು ಮನೆ ಹಿಂದೆ ಹೋಗಿ, ಅಲ್ಲಿ ಏನಿದೆಯೋ ಅದನ್ನು ಆಪ್ಷನ್ನಿನ ವಿಳಾಸ ಅಂತ ನಂಬಿ ನನ್ನ ಕೋಡು ಓಡುತ್ತಿತ್ತು. ಇದೇ ಪ್ರೋಗ್ರಾಮನ್ನು ಲಿನಕ್ಸ್ ಹಾಕಿದ ರಾಸ್ಪ್‌ಬೆರಿ ಪೈ ಮೇಲೆ ಓಡಿಸಿದರೆ ಬೀಳೋದಿಲ್ಲ, ಅಲ್ಲಿ ಜಿಸಿಸಿ ಕ್ಯಾರ್ ಅನ್ನು 0ಯಿಂದ 255 ಅಂತ ನೋಡುತ್ತದೆ. ಒಬ್ಬರ ಯಂತ್ರದಲ್ಲಿ ಬೀಳುತ್ತದೆ, ಇನ್ನೊಬ್ಬರದ್ದರಲ್ಲಿ ಇಲ್ಲ ಅನ್ನುವ ವರದಿ ಬಂದರೆ ಈ ವ್ಯತ್ಯಾಸವನ್ನೂ ನೆನಪಿಡಿ.

ಪರಿಹಾರ ಒಂದೇ ಪದ: ಮನೆ ಸಂಖ್ಯೆಯಾಗಿ ಬಳಸುವ ಮೊದಲು ಅದನ್ನು ಅನ್‌ಸೈನ್ಡ್ ಕ್ಯಾರ್ (ಋಣ ಹಿಡಿಯದ ಕ್ಯಾರ್) ಮಾಡಿಕೊಳ್ಳೋದು. ಅಕ್ಷರವಾ ಅಂಕಿಯಾ ಅಂತ ಪರೀಕ್ಷಿಸುವ ಲೈಬ್ರರಿ ಫಂಕ್ಷನ್ನುಗಳಿಗೆ ಕೊಡುವಾಗಲೂ ಹಾಗೇ ಮಾಡಬೇಕು. ಲಿನಕ್ಸಿನಲ್ಲಿ ಸಾಮಾನ್ಯವಾಗಿರುವ ಸಿ ಲೈಬ್ರರಿ ಜಿಲಿಬ್‌ಸಿ ಅಲ್ಲಿ ಋಣ ಸಂಖ್ಯೆಯನ್ನು ತಾಳಿಕೊಳ್ಳುತ್ತದೆ, ಆದರೆ ಸ್ಟ್ಯಾಂಡರ್ಡ್ ಆ ಭರವಸೆ ಕೊಡೋದಿಲ್ಲ. ಇಷ್ಟು ಮಾಡಿದ ಮೇಲೆ ಬೀಳೋದು ನಿಂತಿತು, ಆದರೆ ಸಂದೇಶದಲ್ಲಿ 'ಕ' ಬದಲು ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಬಂತು. ನಾನು ಒಂದೇ ಬೈಟು ಅಚ್ಚು ಮಾಡುತ್ತಿದ್ದೆ, ಮೂರರಲ್ಲಿ ಒಂದು. ಕೊಟ್ಟ ಆರ್ಗ್ಯುಮೆಂಟನ್ನು ಪೂರ್ತಿ ಅಚ್ಚು ಮಾಡುವ ಹಾಗೆ ಬದಲಿಸಿದೆ. ಕನ್ನಡಿಗರಿಗಾಗಿ ಬರೆದ ಪ್ರೋಗ್ರಾಂ ಕನ್ನಡದ ಅಕ್ಷರ ಕಂಡು ಬೀಳುತ್ತಿತ್ತು ಅನ್ನೋದು ನನಗೆ ನಿಜವಾಗಿ ಬೇಸರ ತಂದ ವಿಷಯ. ಈಗ ಟೆಸ್ಟುಗಳಲ್ಲಿ ಮೊದಲನೆಯದೇ ಅದು.

ಒಂಟಿ ಹೈಫನ್, ಎರಡು ಹೈಫನ್ ಮಾತ್ರ ಇರುವ ಆರ್ಗ್ಯುಮೆಂಟ್, ಇವನ್ನೂ ಟೆಸ್ಟಿಗೆ ಸೇರಿಸಿ. ಎರಡು ಹೈಫನ್ ಅಂದರೆ ಆಪ್ಷನ್‌ಗಳು ಇಲ್ಲಿಗೆ ಮುಗಿದವು, ಮುಂದಿನದೆಲ್ಲ ಫೈಲಿನ ಹೆಸರು ಅಂತ ಪೋಸಿಕ್ಸ್ (ಯುನಿಕ್ಸ್ ವ್ಯವಸ್ಥೆಗಳ ಸ್ಟ್ಯಾಂಡರ್ಡ್) ನಿಯಮ. ಹೈಫನ್ನಿನಿಂದ ಶುರುವಾಗುವ ಹೆಸರಿನ ಫೈಲು ಇದ್ದವರಿಗೆ ಬೇರೆ ದಾರಿ ಕಡಿಮೆ.

ಒಂದೊಂದೂ ಸರಿ ಇದ್ದು, ಎರಡು ಸೇರಿದಾಗ ಕೆಡುವ ಆಪ್ಷನ್‌ಗಳೂ ಇರುತ್ತವೆ. ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೋದಲ್ಲಿ 2021ರ ಜನವರಿಯಲ್ಲಿ ಹೊರಬಂದ ದೊಡ್ಡ ತಪ್ಪು ಅಂಥದ್ದು. ಶೆಲ್ ಆಪ್ಷನ್ ಜೊತೆ ಓಡಿಸಿದಾಗ ಒಂದು ಕಡೆ ಕೋಡು ಬ್ಯಾಕ್‌ಸ್ಲ್ಯಾಶ್ ಸೇರಿಸುತ್ತಿತ್ತು, ಇನ್ನೊಂದು ಕಡೆ ತೆಗೆಯುತ್ತಿತ್ತು. ಅದೇ ಪ್ರೋಗ್ರಾಮನ್ನು ಸುಡೋಎಡಿಟ್ ಹೆಸರಿನಲ್ಲಿ ಕರೆದು ಅದೇ ಆಪ್ಷನ್ ಕೊಟ್ಟರೆ ಸೇರಿಸುವ ಕೆಲಸ ತಪ್ಪಿಹೋಗಿ, ತೆಗೆಯುವ ಕೆಲಸ ಮಾತ್ರ ನಡೆಯುತ್ತಿತ್ತು. ಬ್ಯಾಕ್‌ಸ್ಲ್ಯಾಶಿನಲ್ಲೇ ಮುಗಿಯುವ ಆರ್ಗ್ಯುಮೆಂಟ್ ಕೊಟ್ಟರೆ ಕೋಡು ಸ್ಟ್ರಿಂಗಿನ ಕೊನೆಯನ್ನು ದಾಟುತ್ತಿತ್ತು. 2011ರಿಂದ ಅದು ಹಾಗೇ ಇತ್ತು. ರಿವ್ಯೂ ಮಾಡುವಾಗ "ಈ ಎರಡು ಒಟ್ಟಿಗೆ ಬಂದರೆ?" ಅಂತ ಒಂದು ಸಲವಾದರೂ ಕೇಳಿ.

ಗೆಟ್‌ಆಪ್ಟ್ ಬಳಸಿದರೆ ಆಗಲ್ವಾ?

ಆಗುತ್ತದೆ, ಹೊಸದಾಗಿ ಬರೆಯುವವರು ಅದನ್ನೇ ಬಳಸಿ. ನಾನೂ ಆಮೇಲೆ ಉದ್ದ ಹೆಸರಿನ ಆಪ್ಷನ್‌ಗಳಿಗೆ ಗೆಟ್‌ಆಪ್ಟ್ ಲಾಂಗ್‌ಗೆ ಹೋದೆ, ಆದರೆ ಬೇರೆ ಪ್ಯಾಚಿನಲ್ಲಿ. ಕ್ರ್ಯಾಶ್ ಸರಿಪಡಿಸುವ ಪ್ಯಾಚಿನೊಳಗೆ ಇಡೀ ಪಾರ್ಸರ್ ಬದಲಿಸಬೇಡಿ. ಗೆಟ್‌ಆಪ್ಟ್‌ನಲ್ಲೂ ಬೀಳುವ ಗುಂಡಿಗಳಿವೆ. ಆಪ್ಷನ್ ಪಟ್ಟಿಯ ಕೊನೆಯ ಸಾಲು ಪೂರ್ತಿ ಸೊನ್ನೆ ಇರಬೇಕು, ಅದನ್ನು ಮರೆತರೆ ಅದು ಪಟ್ಟಿಯ ಆಚೆಗೂ ಓದುತ್ತಾ ಹೋಗುತ್ತದೆ. ಮೌಲ್ಯ ಇದ್ದರೂ ಸರಿ ಇಲ್ಲದಿದ್ದರೂ ಸರಿ ಅಂತ ಹೇಳಿದ ಆಪ್ಷನ್ನಿಗೆ ಮೌಲ್ಯ ಬರದಿದ್ದರೆ ಅದನ್ನು ಹಿಡಿದಿಡುವ ಆಪ್ಟ್‌ಆರ್ಗ್ ನಲ್ ಆಗಿರುತ್ತದೆ, ಪರೀಕ್ಷಿಸದೆ ಸಂಖ್ಯೆಗೆ ಬದಲಿಸಲು ಹೋದರೆ ಮತ್ತೆ ಅದೇ ಕಥೆ. ಅದರ ಉತ್ತರವನ್ನು ಇಂಟ್‌ನಲ್ಲೇ ಇಡಿ, ಕ್ಯಾರ್‌ನಲ್ಲಿ ಇಡಬೇಡಿ. ಮುಗಿಯಿತು ಅನ್ನಲು ಅದು -1 ಕೊಡುತ್ತದೆ, ಕ್ಯಾರ್ ಋಣ ಹಿಡಿಯದ ಯಂತ್ರದಲ್ಲಿ ಅದು 255 ಆಗಿ ಲೂಪು ಮುಗಿಯೋದೇ ಇಲ್ಲ.

ಕೊನೆಗೆ ಒಂದು ರಾತ್ರಿ ಓಡಲು ಬಿಡಿ

ಮನುಷ್ಯರು ಯೋಚಿಸದ್ದನ್ನು ಯಂತ್ರ ಕೊಡಲಿ. ಈ ಉಪಾಯಕ್ಕೆ ಫಜ್ಜಿಂಗ್ ಅಂತ ಹೆಸರು, ಅದು ಹುಟ್ಟಿದ್ದೂ ಕಮಾಂಡ್ ಲೈನ್ ಪ್ರೋಗ್ರಾಂಗಳ ಮೇಲೇ. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್, ಗುಡುಗು ಮಳೆಯ ರಾತ್ರಿ ಫೋನ್ ಲೈನಿನಲ್ಲಿ ಕಂಪ್ಯೂಟರಿಗೆ ಸೇರಿಕೊಂಡು ಕೆಲಸ ಮಾಡುವಾಗ, ಲೈನಿನ ಗದ್ದಲದಿಂದ ಸೇರಿಕೊಂಡ ಅಡ್ಡಾದಿಡ್ಡಿ ಅಕ್ಷರಗಳಿಗೇ ಯುನಿಕ್ಸ್ ಪ್ರೋಗ್ರಾಂಗಳು ಬೀಳೋದನ್ನು ಕಂಡರು. ವಿದ್ಯಾರ್ಥಿಗಳಿಗೆ ಅದನ್ನೇ ಪ್ರಾಜೆಕ್ಟ್ ಕೊಟ್ಟರು. 1990ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಪ್ರೋಗ್ರಾಂಗಳು ಬಿದ್ದಿದ್ದವು.

ನಾವು ಮಾಡಿದ್ದು ಸರಳ. ಆಪ್ಷನ್ ಹೆಸರುಗಳು, ಖಾಲಿ ಸ್ಟ್ರಿಂಗ್, ಹೈಫನ್ನುಗಳು, ದೊಡ್ಡ ಸಂಖ್ಯೆ, ಕನ್ನಡದ ಪದಗಳು, ಇವನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಹೇಗೆಂದರೆ ಹಾಗೆ ನಾಲ್ಕೈದು ಎತ್ತಿ ಕೊಡುವ ಸ್ಕ್ರಿಪ್ಟ್. ಇದಕ್ಕೆ ಪಾರ್ಸರ್ ತಾನೇ ಪ್ರೋಗ್ರಾಂ ಮುಗಿಸಬಾರದು, ತಪ್ಪನ್ನು ವಾಪಸ್ ಹೇಳಬೇಕು. ಆಗ ಒಂದೇ ಓಟದಲ್ಲಿ ಸಾವಿರಾರು ಸಲ ಕರೆಯಬಹುದು. ಮೇಡಂ 'ಆಮೇಲೆ ಮಾಡಿ' ಗುಂಪಿನಲ್ಲಿ ಇದನ್ನು ಬರೆದಿದ್ದರು, ನಾನು ಆಗಲೇ ಮಾಡಿದೆ. ಬೆಳಿಗ್ಗೆ ಎದ್ದಾಗ ಇನ್ನೊಂದು ಸಿಕ್ಕಿತ್ತು: ಸಾಲಿನ ಅಗಲ 0 ಕೊಟ್ಟರೆ ಮುಂದೆ ಎಲ್ಲೋ ಸೊನ್ನೆಯಿಂದ ಭಾಗಿಸಲು ಹೋಗಿ ಬೀಳುತ್ತಿತ್ತು. ಅದಕ್ಕೂ ಪಾರ್ಸರಿನಲ್ಲೇ ಬೇಲಿ ಹಾಕಿದೆ.

ಪ್ಯಾಚ್ ಸೇರಿದ ಮೇಲೆ ಹೊಸ ಆವೃತ್ತಿಯನ್ನು ಮೇಷ್ಟ್ರಿಗೆ ಕಳಿಸಿ, ಸ್ಕ್ರಿಪ್ಟನ್ನು ಏನೂ ಬದಲಿಸದೆ ಹಾಗೇ ಓಡಿಸಿ ಸರ್ ಅಂದೆ. ವರದಿ ಮಾಡಿದವರ ಯಂತ್ರದಲ್ಲಿ, ಅವರ ಅದೇ ಕಮಾಂಡಿನಿಂದ ನೋಡುವ ತನಕ ಬಗ್ಗನ್ನು ಮುಚ್ಚಬೇಡಿ. ಹತ್ತು ನಿಮಿಷಕ್ಕೆ ಉತ್ತರ ಬಂತು: "ಫಾಂಟಿನ ಹೆಸರು ಕೊಟ್ಟಿಲ್ಲ ಅಂತ ಹೇಳ್ತು. ಹೋಗಿ ನೋಡಿದ್ರೆ ಮೇಲಿನ ಸಾಲಲ್ಲಿ ವೇರಿಯಬಲ್ ಹೆಸರನ್ನೇ ಒಂದಕ್ಷರ ತಪ್ಪು ಬರ್ದಿದ್ದೆ ಕಣಪ್ಪ. ಸರಿ ಮಾಡ್ಕೊಂಡೆ. ಮೂವತ್ತು ಫೈಲ್ ಆಯ್ತು."